ನನ್ನ ಕೈಯಾಗ ಬಿದ್ದಿಲ್ಲ

ನನ್ನ ಹೆಂಡತಿ ಹಾಕಿದ ಷರತ್ತು ಒಂದೇ. ಗಾಡಿ ಹಳೆಯದಿರಲಿ, ಬಣ್ಣ ಹೋಗಿರಲಿ, ಸೀಟು ಹರಿದಿರಲಿ, ಆದರೆ ಎಲ್ಲೂ ಬಿದ್ದಿರಬಾರದು. ಅಂಥದ್ದು ತಂದರೆ ಹಿಂದೆ ಕೂಡುತ್ತೇನೆ ಅಂದಳು. ಹನ್ನೊಂದು ವರ್ಷದ ಮೇಲೆ ಆಕೆಯ ಬಾಯಿಂದ ಆ ಮಾತು ಬಂದಿತ್ತು. ನಾನು ಆ ಹೊತ್ತಿಗೇ ಚಪ್ಪಲಿ ಮೆಟ್ಟಿಕೊಂಡು ಗಾಡಿ ಹುಡುಕಲು ಹೊರಟವನಿಗೆ ಊಟ ಮಾಡಿಲ್ಲವೆಂಬುದು ಬೀದಿಯ ಕೊನೆಗೆ ಹೋದ ಮೇಲೆ ನೆನಪಾಯಿತು.

ಹನ್ನೊಂದು ವರ್ಷದ ಹಿಂದೆ ಬಳ್ಳಾರಿಯಿಂದ ಕುರುಗೋಡಿಗೆ, ಆಕೆಯ ತವರಿಗೆ ಹೋಗುವಾಗ ನಾವಿಬ್ಬರೂ ಗಾಡಿಯಿಂದ ಬಿದ್ದಿದ್ದೆವು. ಭತ್ತದ ಸುಗ್ಗಿ ಕಾಲ. ಆ ದಿನಗಳಲ್ಲಿ ನಮ್ಮ ಕಡೆ ಅರ್ಧ ರಸ್ತೆಯೇ ಕಣ. ಭತ್ತ ಒಣಹಾಕಿ, ಅಂಚಿಗೆ ಸಾಲಾಗಿ ಕಲ್ಲಿಟ್ಟು, ರೈತರು ಗಿಡದ ನೆರಳಿಗೆ ಕೂತಿರುತ್ತಾರೆ. ಎದುರಿಗೆ ಟ್ರ್ಯಾಕ್ಟರ್ ಬಂತೆಂದು ನಾನು ಗಾಡಿಯನ್ನು ಭತ್ತದ ಮೇಲೆ ಇಳಿಸಿದೆ. ಮುಂದಿನ ಗಾಲಿ ಜಾರಿತು. ನನಗೆ ಮೊಣಕಾಲು ತರಚಿತು, ಆಕೆಗೆ ಬಲಗೈಯ ಮಣಿಕಟ್ಟು ಮುರಿಯಿತು. ಎಲುಬು ಕೂಡಿಕೊಂಡರೂ ಕೈ ಪೂರ್ತಿ ತಿರುಗುವುದಿಲ್ಲ. ಆಕೆ ಮನೆಯಲ್ಲೇ ಜೀನ್ಸ್ ಪ್ಯಾಂಟು ಹೊಲಿಯುವವಳು. ಈಗಲೂ ಜೇಬು ಮಗುಚುವಾಗ ಕೈ ತಿರುಗಿಸಲಾಗದೆ ಇಡೀ ಮೊಣಕೈ ಎತ್ತುತ್ತಾಳೆ. ಆ ಮೊಣಕೈ ಮೇಲೆದ್ದಾಗಲೆಲ್ಲ ನಾನು ಬೇರೆ ಕಡೆ ನೋಡುತ್ತೇನೆ.

ಅಂದಿನಿಂದ ಆಕೆ ಗಾಡಿ ಹತ್ತಲಿಲ್ಲ. ಜಗಳವಾಡಲಿಲ್ಲ, ಅಳಲಿಲ್ಲ, ಸುಮ್ಮನೆ ಬಸ್ಸಿಗೆ ಹೋಗತೊಡಗಿದಳು. ಕುರುಗೋಡಿಗೆ ಹೋಗುವ ದಿನ ಆಕೆ ಬಸ್ಸಿನಲ್ಲಿ, ನಾನು ಬಸ್ಸಿನ ಹಿಂದೆ ಗಾಡಿಯಲ್ಲಿ. ಊರು ಹತ್ತಿರವಾದಾಗ ಬಸ್ಸು ದಾಟಿ ಹೋಗಿ ಕುರುಗೋಡಿನ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತ ನಿಲ್ಲುತ್ತಿದ್ದೆ. ನೋಡಿದವರು ನಗುತ್ತಿದ್ದರು. ಒಬ್ಬ ಕಂಡಕ್ಟರ್ ಅಂತೂ ‘ಏನ್ ಸಾಬ್ರೇ, ನಮ್ಮ ಬಸ್ಸಿಗೆ ಎಸ್ಕಾರ್ಟ್ ಕೊಡಾಕತ್ತೀರೇನು?’ ಎಂದು ಎಲ್ಲರೆದುರಿಗೇ ಕೇಳಿಬಿಟ್ಟಿದ್ದ. ನಾನೂ ನಕ್ಕಿದ್ದೆ. ಒಳಗೆ ಮೈ ಉರಿದುಹೋಗಿತ್ತು.

ಬಿದ್ದ ಆ ಹಳೆಯ ಗಾಡಿ ಹೋದ ಚಳಿಗಾಲದಲ್ಲಿ ಪೂರ್ತಿ ಕೈಕೊಟ್ಟಿತು. ಗುಜರಿಯವನು ಅದನ್ನು ಒಯ್ದ ದಿನ ಆಕೆ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆಯೇ ಈ ಷರತ್ತು. ಕುರುಗೋಡಿನಲ್ಲಿ ಆಕೆಯ ತಂಗಿ ಹೆತ್ತಿದ್ದಳು. ಶುಕ್ರವಾರ ಕೂಸು ನೋಡಲು ಹೋಗಬೇಕು, ಗಾಡಿಯಲ್ಲೇ ಹೋಗೋಣ ಎಂದಳು. ಹೊಸ ಗಾಡಿ ನಮ್ಮ ಕೈಗೆಟುಕುವಂಥದ್ದಲ್ಲ. ನನ್ನ ಎದುರಿಗಿದ್ದದ್ದು ಒಂಬತ್ತು ದಿನ.

ನಾನು ಹೊಲಿಗೆ ಮಷೀನು ರಿಪೇರಿ ಮಾಡುವವನು. ಬಳ್ಳಾರಿಯ ಜೀನ್ಸ್ ಹೊಲಿಯುವ ಓಣಿಗಳಿಂದ ಹಿಡಿದು ತೆಕ್ಕಲಕೋಟೆ, ಸಿರುಗುಪ್ಪದವರೆಗೆ ತಿರುಗುತ್ತೇನೆ. ಹಳೆ ಮಷೀನು ಕೊಂಡು, ತೊಳೆದು, ಎಣ್ಣೆ ಬಿಟ್ಟು ಮಾರುವುದೂ ಉಂಟು. ಹಾಗಾಗಿ ಹಳೆ ಮಾಲಿನ ವಿಷಯದಲ್ಲಿ ನನಗೆ ಯಾರೂ ಟೋಪಿ ಹಾಕಲಾರರು ಎಂಬ ಸೊಕ್ಕಿತ್ತು. ಮೊದಲು ನೋಡಿದ ಗಾಡಿಯ ಕಾಲಿಡುವ ಕಡ್ಡಿ ಒಂದು ಕಡೆ ಸವೆದಿತ್ತು, ಬಿದ್ದು ಉಜ್ಜಿದ ಗುರುತು, ಬೇಡವೆಂದೆ. ಎರಡನೆಯದರ ಸೈಲೆನ್ಸರಿಗೆ ಉದ್ದಕ್ಕೆ ಗೀರು, ಅದೂ ಬೇಡ. ಮೂರನೆಯದರ ಪೆಟ್ರೋಲ್ ಟ್ಯಾಂಕಿನ ಅಡಿಗೆ ಬೆರಳಾಡಿಸಿದರೆ ಹೊಸ ಬಣ್ಣದ ಹನಿ ಗಟ್ಟಿಯಾಗಿ ಕೂತಿತ್ತು. ಮಾರುವವನು ‘ನೀವು ಗಾಡಿ ನೋಡಾಕ ಬಂದೀರೋ, ಹೆಣ್ಣು ನೋಡಾಕ ಬಂದೀರೋ?’ ಎಂದು ರೇಗಿದ. ಎಂಟು ದಿನ ಉಳಿಯಿತು, ಏಳಾಯಿತು. ಮಷೀನು ಬಿಚ್ಚಿದಲ್ಲಿ ಸ್ಕ್ರೂ ಮರೆತೆ, ಒಂದು ಅಂಗಡಿಯವರ ಮಷೀನಿಗೆ ಬೇರೆ ಅಂಗಡಿಯವರ ಸೂಜಿ ಹಾಕಿ ಬಂದೆ.

ಆಗ ಸಿರುಗುಪ್ಪದ ಒಬ್ಬ ದರ್ಜಿ, ದೇಶನೂರಿನಲ್ಲಿ ಗದ್ದೆ ಮಾಡುವವರೊಬ್ಬರ ಬಳಿ ಗಾಡಿಯಿದೆ ಎಂದು ಹೇಳಿದ. ಹೋದೆ. ನಡುವಯಸ್ಸಿನ ಮನುಷ್ಯ, ಮೊಣಕಾಲವರೆಗೆ ಕೆಸರು, ಮುಖದಲ್ಲಿ ಗಡಿಬಿಡಿಯಿಲ್ಲ. ಗಾಡಿಯನ್ನು ದನದ ಕೊಟ್ಟಿಗೆಯ ಪಕ್ಕ ಗೋಣಿಚೀಲ ಮುಚ್ಚಿ ನಿಲ್ಲಿಸಿದ್ದರು. ಕಾಲಿಡುವ ಕಡ್ಡಿ ನೋಡಿದೆ, ಸೈಲೆನ್ಸರ್ ನೋಡಿದೆ, ಟ್ಯಾಂಕಿನ ಅಡಿಗೆ ಬೆರಳಾಡಿಸಿದೆ. ಎಲ್ಲೂ ಏನೂ ಸಿಗಲಿಲ್ಲ. ಎಂಜಿನ್ನಿನ ಬಗ್ಗೆ, ಚೈನಿನ ಬಗ್ಗೆ, ಬ್ರೇಕಿನ ಬಗ್ಗೆ ಕೇಳಿ ಕೊನೆಗೆ ಕೇಳಿದೆ.

‘ಗಾಡಿ ಎಲ್ಲಾದ್ರೂ ಬಿದ್ದೈತೇನ್ರಿ?’

‘ನನ್ನ ಕೈಯಾಗ ಬಿದ್ದಿಲ್ರಿ ಸಾಬ್ರೇ. ದೇವ್ರಾಣಿ. ಕುಂದರ್ರಿ, ಚಾ ಕುಡೀರಿ.’

ಆ ಮಾತು ನನಗೆ ಹೊಸದೇ? ನಾನೂ ಮಷೀನು ಮಾರುವಾಗ ‘ನನ್ನ ಕೈಗೆ ಬಂದಮ್ಯಾಲ ಒಂದಿನಾನೂ ನಿಂತಿಲ್ಲ’ ಅನ್ನುತ್ತೇನೆ. ಸುಳ್ಳಲ್ಲ. ಆ ಮಷೀನು ನನ್ನ ಕೈಗೆ ಬಂದದ್ದೇ ಹಿಂದಿನ ದಿನವಾಗಿರುತ್ತದೆ. ‘ಮತ್ತ ಯಾರ ಕೈಯಾಗ ಬಿತ್ತು?’ ಎಂದು ಮುಂದಿನ ಪ್ರಶ್ನೆ ಕೇಳಬೇಕೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಚಹಾ ಬಂತು. ಶುಕ್ರವಾರಕ್ಕೆ ಐದೇ ದಿನ ಉಳಿದಿತ್ತು. ನಾನು ಕೇಳಲಿಲ್ಲ.

ದುಡ್ಡು ಕೊಟ್ಟು, ಗಾಡಿ ಹತ್ತಿ ಬಳ್ಳಾರಿಗೆ ಬರುವಾಗ ತೆಕ್ಕಲಕೋಟೆ ದಾಟಿದ ಮೇಲೆ ರಸ್ತೆ ನೆಟ್ಟಗಿತ್ತು. ಹ್ಯಾಂಡಲ್ ಹಿಡಿದ ಕೈ ತುಸು ಸಡಿಲ ಬಿಟ್ಟೆ. ಗಾಡಿ ಮೆಲ್ಲಗೆ ಎಡಕ್ಕೆ ಎಳೆಯಿತು. ಗಾಳಿ ಇರಬೇಕು ಅಂದುಕೊಂಡೆ. ಗದ್ದೆಯ ಭತ್ತದ ತೆನೆ ಅಲುಗುತ್ತಿರಲಿಲ್ಲ. ರಸ್ತೆಯೇ ಇಳಿಜಾರಿರಬೇಕು ಎಂದು ಬಲಬದಿಗೆ ಹೋಗಿ ಬಿಟ್ಟು ನೋಡಿದೆ. ಆಗಲೂ ಎಡಕ್ಕೇ. ಎದುರಿಗೆ ಬಂದ ಲಾರಿಯವನು ತಲೆ ಹೊರಹಾಕಿ ನನ್ನ ತಾಯಿತಂದೆಯರನ್ನು ನೆನೆದು ಹೋದ.

‘ಬಿದ್ದಿಲ್ಲಲ್ಲ?’ ಹೆಂಡತಿ ಬಾಗಿಲಲ್ಲೇ ಕೇಳಿದಳು.

‘ಬಿದ್ದಿಲ್ಲ’ ಅಂದೆ. ದೇಶನೂರಿನವರು ಕೊಟ್ಟ ಮಾತಿನಲ್ಲಿ ಮೊದಲಿನ ಎರಡು ಪದ ನುಂಗಿ, ಉಳಿದದ್ದನ್ನು ಆಕೆಗೆ ದಾಟಿಸಿದೆ.

ಆಕೆ ಸೀಟಿನ ಹಿಂಭಾಗದ ಧೂಳನ್ನು ಸೆರಗಿನಿಂದ ಒರೆಸಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಏನೋ ನೆಪ ಹೇಳಿ ಮತ್ತೆ ಗಾಡಿ ಹತ್ತಿದೆ. ಊರಾಚೆ ಹೋಗಿ ಕೈ ಬಿಟ್ಟು ನೋಡಿದೆ, ಎಡಕ್ಕೆ. ಮರುದಿನ ಟೈರಿಗೆ ಗಾಳಿ ಹಾಕಿಸಿ ನೋಡಿದೆ, ಎಡಕ್ಕೆ. ಊಟಕ್ಕೆ ಕೂತವನು ತುತ್ತು ಬಿಟ್ಟು ಎದ್ದು ಹೋಗಿ ಮುಂದಿನ ಗಾಲಿಯೆದುರು ಕುಕ್ಕರಗಾಲಿನಲ್ಲಿ ಕೂತೆ. ಒಂದು ಕಣ್ಣು ಮುಚ್ಚಿ ನೋಡಿದರೆ ನೆಟ್ಟಗೆ ಕಾಣುತ್ತಿತ್ತು, ಇನ್ನೊಂದು ಕಣ್ಣು ಮುಚ್ಚಿದರೆ ಸೊಟ್ಟ. ಪಕ್ಕದ ಮನೆಯ ಮುದುಕ ‘ಗಾಡಿಗೆ ಜ್ವರ ಬಂದೈತೇನೋ?’ ಎಂದು ಕಾಡಿದ. ಹೆಂಡತಿ ಮಷೀನಿನಿಂದ ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದಳು.

ಗುರುವಾರ ಬೆಳಿಗ್ಗೆ ಆಕೆ ಹೊಲಿದ ಮಾಲು ಕೊಟ್ಟುಬರಲು ಹೋದಾಗ ನಾನು ಜೀನ್ಸ್ ಹೊಲಿಯುವ ದಪ್ಪ ದಾರದ ಉಂಡೆ ತೆಗೆದುಕೊಂಡೆ. ಮಷೀನಿನ ಗಾಲಿ, ಪಟ್ಟಿ ನೆಟ್ಟಗಿವೆಯೇ ಎಂದು ನೋಡಲು ನಾನು ದಾರ ಹಿಡಿಯುತ್ತೇನೆ. ದಾರಕ್ಕೆ ಮುಲಾಜಿಲ್ಲ. ಗಾಡಿಯ ಹಿಂದಿನ ಟೈರಿಗೆ ದಾರ ಸುತ್ತಿ, ಎರಡೂ ಬದಿಯಿಂದ ಮುಂದಿನ ಗಾಲಿಯವರೆಗೆ ಬಿಗಿಯಾಗಿ ಎಳೆದರೆ ಸಾಕು. ಮುಂದಿನ ಟೈರಿನ ಅಗಲ ಕಡಿಮೆ, ಎರಡೂ ಕಡೆ ಸಮ ಸಂದು ಉಳಿಯಬೇಕು. ಬಲಬದಿಯ ದಾರವನ್ನು ಇಟ್ಟಿಗೆಗೆ ಕಟ್ಟಿದೆ, ಎಡಬದಿಯದನ್ನು ಹಿಡಿದು ಎಳೆದರೆ ಇಟ್ಟಿಗೆಯೇ ಜರುಗಿತು. ಎರಡು ಸಲ ಹಾಗೇ ಆಯಿತು. ಮೂರನೆಯ ಸಲ ದಾರ ಗಟ್ಟಿಯಾಗಿ ನಿಂತಿತು. ತಲೆಯೆತ್ತಿದೆ. ಹೆಂಡತಿ ಬಂದು ಕೂತು ಬಲಬದಿಯ ದಾರವನ್ನು ತನ್ನ ಆ ತಿರುಗದ ಕೈಯಲ್ಲಿ ಹಿಡಿದಿದ್ದಳು. ಆಕೆ ಯಾವಾಗ ಬಂದಳೋ ನನಗೆ ತಿಳಿದಿರಲಿಲ್ಲ.

ನನ್ನ ಕಡೆ ದಾರ ಟೈರಿಗೆ ಅಂಟಿಕೊಂಡಿತ್ತು.

‘ನಿನ್ನ ಕಡಿ ಎಷ್ಟೈತಿ?’ ಕೇಳಿದೆ.

ಆಕೆ ಎಡಗೈಯ ಬೆರಳನ್ನು ಸಂದಿಯಲ್ಲಿಟ್ಟು ನೋಡಿದಳು. ‘ಒಂದು ಬಳ್ಳು.’

ದಾರ ಬಿಟ್ಟೆ. ಇನ್ನು ಮಾತು ನುಂಗುವಂತಿರಲಿಲ್ಲ. ‘ಬಿದ್ದೈತಿ,’ ಅಂದೆ. ‘ಮುಂದಿಂದು ಜೋರಾಗಿ ಬಡದೈತಿ. ನನಗ ಅವತ್ತ ದಾರ್‍ಯಾಗ ಗೊತ್ತಾಗಿತ್ತು. ನಿನಗ ಸುಳ್ಳು ಹೇಳೀನಿ.’

ಆಕೆ ಸಿಟ್ಟಾಗುತ್ತಾಳೆ, ಎದ್ದು ಒಳಗೆ ಹೋಗುತ್ತಾಳೆ, ನಾಳೆ ಮತ್ತೆ ಬಸ್ಸು ಎಂದುಕೊಂಡೆ. ಆಕೆ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು:

‘ಹಿಂದ ಯಾರು ಕೂತಿದ್ರು?’

‘ಎಲ್ಲಿ?’

‘ಈ ಗಾಡಿ ಬಿದ್ದಾಗ. ಹಿಂದ ಯಾರು ಕೂತಿದ್ರು? ಅವರಿಗೇನಾತು?’

ಟ್ಯಾಂಕಿನ ಅಡಿಗೆ ಬೆರಳಾಡಿಸಿದವನು ನಾನು. ಗಾಡಿಯ ಮೇಲೆ ಮನುಷ್ಯರಿದ್ದಿರಬಹುದು ಎಂಬುದು ನನ್ನ ತಲೆಗೆ ಬಂದಿರಲಿಲ್ಲ.

‘ಗೊತ್ತಿಲ್ಲ. ಕೇಳಲಿಲ್ಲ.’

‘ನೀವು ಕೇಳಂಗಿಲ್ಲ ಬಿಡ್ರಿ. ಅವತ್ತೂ ನೀವು ಮೊದ್ಲು ಗಾಡಿ ಎತ್ತಿದ್ರಿ.’

ಯಾವತ್ತು ಎಂದು ಕೇಳುವ ಅಗತ್ಯವಿರಲಿಲ್ಲ. ಎದ್ದವನೇ ನಾನು ಗಾಡಿಯ ಹ್ಯಾಂಡಲ್ ಹಿಡಿದದ್ದು, ಸ್ಟ್ಯಾಂಡ್ ಹಾಕಿದ್ದು, ದೀಪ ಒಡೆಯಿತೇ ಎಂದು ಬಗ್ಗಿ ನೋಡಿದ್ದು, ಆಮೇಲೆ ಆಕೆಯ ಕಡೆ ತಿರುಗಿದ್ದು, ಎಲ್ಲ ನೆನಪಿತ್ತು. ಆಕೆಗೂ ನೆನಪಿದೆ ಎಂದು ಮಾತ್ರ ತಿಳಿದಿರಲಿಲ್ಲ.

‘ಪೆಟ್ರೋಲ್ ಸೋರ್ತಿತ್ತು…’ ಅಂದೆ.

‘ಸೋರ್ತಿತ್ತು. ನಾನೂ ನೋಡೀನಲ್ಲ. ಭತ್ತದಾಗ ಬಿದ್ಕೊಂಡು ನೋಡಾಕತ್ತಿದ್ದೆ.’

ಇಷ್ಟು ಹೇಳಿ ಆಕೆ ಒಳಗೆ ಹೋಗಿ ಮಷೀನಿಗೆ ಕೂತಳು. ಹನ್ನೊಂದು ವರ್ಷ ಆಕೆ ಗಾಡಿಗೆ ಹೆದರಿದ್ದಾಳೆಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ನಾಚಿಕೆಯಾಯಿತು. ಎಷ್ಟು ನಾಚಿಕೆಯಾಯಿತೆಂದರೆ ಮನೆಯಲ್ಲಿ ಇರಲಾಗಲಿಲ್ಲ, ಓಣಿಯಲ್ಲಿ ನಿಲ್ಲಲಾಗಲಿಲ್ಲ. ಸೀದಾ ದೇಶನೂರಿನ ದಾರಿ ಹಿಡಿದೆ. ದಾರಿಯುದ್ದಕ್ಕೂ ಗಾಡಿ ಎಡಕ್ಕೆ ಎಳೆಯಿತು, ನಾನು ಬಲಕ್ಕೆ ಎಳೆದೆ.

ನನ್ನನ್ನು ಕಂಡವರೇ ಆ ಗದ್ದೆಯ ಯಜಮಾನರು ಗಾಡಿ ವಾಪಸು ತಂದಿದ್ದೇನೆಂದು ತಿಳಿದು ಎದ್ದು ನಿಂತರು. ‘ನೋಡ್ರಿ, ನನ್ನ ಕೈಯಾಗ ಬಿದ್ದಿಲ್ಲ ಅಂತ ಅವತ್ತ ಹೇಳೀನಿ.’

‘ಅದಕ್ಕ ಬಂದಿಲ್ರಿ. ಯಾರ ಕೈಯಾಗ ಬಿತ್ತು ಅಷ್ಟ ಹೇಳ್ರಿ. ಹಿಂದ ಯಾರಿದ್ರು?’

ಅವರು ಮತ್ತೆ ಕೂತರು. ‘ತಮ್ಮನ ಕೈಯಾಗ. ಹಚ್ಚೊಳ್ಳಿ ದಾರ್‍ಯಾಗ, ಮೋರಿಗೆ ಬಡದ. ಹಿಂದ ನಮ್ಮವ್ವ ಇದ್ಲು.’

ಅವ್ವ ಅಂಗಳದಲ್ಲೇ ಅಕ್ಕಿ ಆರಿಸುತ್ತ ಕೂತಿದ್ದಳು. ಮಗ ವಿಷಯ ಹೇಳಿದಾಗ ನಕ್ಕುಬಿಟ್ಟಳು. ‘ನನ್ನ ಕಾಲು ಕೇಳಾಕ ಬಳ್ಳಾರಿಯಿಂದ ಬಂದೀಯೇನಪಾ? ಗಾಡಿ ಕೊಳ್ಳಾಕ ಬಂದಾಗ ಬಾಜೂಕ ಕುಂತಿದ್ನಲ್ಲ, ಅವಾಗ ಕೇಳಬೇಕಿಲ್ಲ?’ ಅಂದಳು. ಮುರಿದದ್ದು ಎಡಗಾಲು ಎಂದು ತಟ್ಟಿ ತೋರಿಸಿದಳು. ಏಳುವಾಗ ಕಂಬ ಹಿಡಿದಳು. ಒಳಗೆ ಹೋಗಿ ನನಗೆ ನೀರು ತಂದುಕೊಟ್ಟಳು.

ಮನೆಗೆ ಬಂದು ಹೆಂಡತಿಗೆ ಒಂದಕ್ಷರ ನುಂಗದೆ ಹೇಳಿದೆ. ಆಕೆ ‘ಹೊಲಕ್ಕ ಹೋಗ್ತಾಳೇನು? ಕಾಲು ಮಡಚಾಕ ಬರ್ತೈತೇನು? ತಮ್ಮ ಮೊದ್ಲು ಯಾರನ್ನ ಎತ್ತಿದ?’ ಎಂದು ಕೇಳುತ್ತ ಹೋದಳು. ಕೊನೆಯದನ್ನು ನಾನು ಅಲ್ಲಿ ಕೇಳಿರಲಿಲ್ಲ. ಅದನ್ನೂ ಹೇಳಿದೆ. ಆಕೆ ಸೂಜಿಗೆ ದಾರ ಪೋಣಿಸಿದಳು. ಆಮೇಲೆ ‘ಸೊಟ್ಟ ಆಗಿದ್ದು ಸರಿ ಮಾಡಸ್ರಿ. ನಾಳೆ ಆಗಂಗಿಲ್ಲ, ಐತವಾರ ಹೋಗೂಣು’ ಅಂದಳು.

ಮೆಕ್ಯಾನಿಕ್ಕು ಮುಂದಿನ ಭಾಗ ಪೂರ್ತಿ ಬಿಚ್ಚಿದ. ಗಾಡಿಯ ಚಾಸಿಗೆ ಏನೂ ಆಗಿರಲಿಲ್ಲ, ಮುಂದಿನ ಗಾಲಿ ಹಿಡಿಯುವ ಫೋರ್ಕಿನ ಪೈಪು ಬಾಗಿತ್ತು. ಬೇರೆ ಪೈಪು ಹಾಕಿಸಿ ಮತ್ತೆ ದಾರ ಹಿಡಿದೆವು, ಆಕೆ ಒಂದು ಕಡೆ, ನಾನು ಒಂದು ಕಡೆ. ಈ ಸಲ ಎರಡೂ ಕಡೆ ಸಮ ಬಂತು.

ಐತವಾರ ಆಕೆ ನನ್ನ ಹಿಂದೆ ಕೂತಳು. ಭುಜದ ಮೇಲೆ ಕೈಯಿಡಲಿಲ್ಲ, ಸೀಟಿನ ಹಿಂದಿನ ಕಬ್ಬಿಣ ಹಿಡಿದಿದ್ದಳು. ಬಳ್ಳಾರಿ ದಾಟುವವರೆಗೂ ನನ್ನ ಬೆನ್ನು ಬೆವರುತ್ತಲೇ ಇತ್ತು. ಕುರುಗೋಡಿನ ಗುಡ್ಡ ಕಾಣುವಲ್ಲಿ ರಸ್ತೆಯ ಅರ್ಧಕ್ಕೆ ಭತ್ತ ಹರಡಿತ್ತು, ಅಂಚಿಗೆ ಕಲ್ಲು ಸಾಲು. ‘ನಿಲ್ಲಸ್ರಿ’ ಅಂದಳು. ನಿಲ್ಲಿಸಿದೆ. ‘ಇಷ್ಟು ನಡೀತೀನಿ’ ಎಂದು ಇಳಿದಳು. ನಾನೂ ಇಳಿದು, ರಸ್ತೆಯ ಬದಿಗೆ ಸ್ಟ್ಯಾಂಡ್ ಹಾಕಿ ಆಕೆಯ ಕಡೆ ಹೋದೆ. ನಾಲ್ಕು ಹೆಜ್ಜೆ ಹೋಗುವುದರಲ್ಲಿ ಹಿಂದೆ ಸದ್ದಾಯಿತು. ಕಾಲುವೆ ನೀರು ಬಸಿದು ಮೆತ್ತಗಾಗಿದ್ದ ಮಣ್ಣಿನಲ್ಲಿ ಸ್ಟ್ಯಾಂಡ್ ಹೂತು, ಗಾಡಿ ಮಗ್ಗುಲಾಗಿ ಬಿದ್ದಿತ್ತು. ಭತ್ತ ಕಾಯುತ್ತಿದ್ದವರು ಗಿಡದಡಿಯಿಂದ ಏನೋ ಕೂಗಿದರು.

ಕಾಲು ತಾನಾಗಿ ಆ ಕಡೆ ಹೊರಟಿತ್ತು. ತಡೆದು ನಿಂತೆ. ಆಕೆಗೆ ಏನೂ ಆಗಿರಲಿಲ್ಲ, ಕಣ್ಣೆದುರೇ ಗಟ್ಟಿಯಾಗಿ ನಿಂತಿದ್ದಳು. ಆದರೂ ಹೋಗಿ ಆಕೆಯ ಬಲಗೈ ಮಣಿಕಟ್ಟು ಹಿಡಿದೆ. ಹಾಗೇ ನಿಂತುಬಿಟ್ಟೆ. ಗಾಡಿಯ ಮುಂದಿನ ಗಾಲಿ ಅಡ್ಡ ತಿರುಗಿ ಬಿದ್ದಿತ್ತು. ಆಕೆ ನನ್ನ ಮುಖ ನೋಡಿದಳು, ಗಾಡಿ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ತುಟಿ ಕಚ್ಚಿ ಹಿಡಿದರೂ ನಗು ತಡೆಯಲಿಲ್ಲ.

‘ಎತ್ರಿ ಇನ್ನ,’ ಅಂದಳು. ‘ಪೆಟ್ರೋಲ್ ಸೋರಾಕತ್ತೈತಿ.’