ಭಾರ ನೋಡಲು ಹೋದ ದೋಣಿ

ಸುರಪುರದ ಆಚೆ ಕೃಷ್ಣೆಯ ದಂಡೆಯಲ್ಲಿ ಹಳೆಯ ಮೋಟಾರು ದೋಣಿಯೊಂದನ್ನು ಕೊಳ್ಳಲೆಂದು ಪರೀಕ್ಷಿಸುತ್ತಿದ್ದೆ. ಸಂತೆ ಚೀಲ ಹಿಡಿದ ಅಜ್ಜಿಯೊಬ್ಬಳು ಸೀರೆ ಎತ್ತಿಕೊಂಡು ನೀರಿಗಿಳಿದು ಸೀದಾ ಹತ್ತಿ ಕುಳಿತಳು. ನಡುಗಡ್ಡೆಯ ತನ್ನ ಊರಿಗೆ ಹೊರಟವಳು.

ತಳ ತಟ್ಟಿ ನೋಡಿ, ತಣ್ಣಗಿದ್ದ ಇಂಜಿನ್ ಶುರುಮಾಡಿಸಿ, ಎರಡನ್ನೂ ಡೈರಿಯಲ್ಲಿ ಬರೆದುಕೊಂಡಿದ್ದೆ. ಭಾರ ಹೊತ್ತು ಹೇಗೆ ಓಡುತ್ತದೆಂದು ನೋಡುವುದಷ್ಟೇ ಬಾಕಿ. ಅಜ್ಜಿ ಬಂದದ್ದು ಒಳ್ಳೆಯದೇ ಆಯಿತೆಂದುಕೊಂಡೆ.

ನಡುನೀರಿನಲ್ಲಿ ಮಾಲೀಕ ಸಾಬಣ್ಣ ಮೋಟಾರಿನ ಹಿಡಿಯನ್ನು ನನ್ನ ಕೈಗೆ ಕೊಟ್ಟ. ಅಜ್ಜಿ ತಿರುಗಿ ನೋಡಿದಳು.

"ಯಾರೋ ಸಾಬಣ್ಣ, ಈ ಹುಡುಗ?"

"ದೋಣಿ ಇವ್ರು ತಗೊಳ್ಳಾಕತ್ತಾರಬೇ. ನನ್ನ ಹೊಲಕ್ಕ ಕಾಲುವಿ ನೀರು ಬಂತಲ್ಲ, ಇನ್ನ ನಾ ಭತ್ತದ ಗದ್ದ್ಯಾಗ."

ನಾನೇ ಮುಂದಿನ ಅಂಬಿಗನೆಂದು ಅವಳು ತಿಳಿದಳು. "ಛಲೋ ಆತು. ನೀ ಇಂವನಂಗ ಕಾಯಿಸಬ್ಯಾಡಪ್ಪ. ಮಗಳು ಬಾಣಂತನಕ್ಕ ಬಂದಾಳ, ದಿನ ತುಂಬ್ಯಾವ. ದಂಡಿಗಿ ನಿಂತು ಕೂಗಿದ್ರ ಬರ್ತಿ ಇಲ್ಲ?"

ಸಾಬಣ್ಣ ನೀರನ್ನೇ ನೋಡುತ್ತಿದ್ದ. ನನಗೆ ದೋಣಿ ಬೇಕಿದ್ದುದು ಭಾನುವಾರ ಗೆಳೆಯರೊಂದಿಗೆ ಭೀಮೆಯಲ್ಲಿ ಸುತ್ತಾಡಲು. ಆದರೂ ಹೂಂ ಎಂದೆ.

ಅದೇ ಸಂಜೆ ದೋಣಿಯನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಯಾದಗಿರಿಗೆ ತಂದೆ. ಇಂಜಿನ್ ಇದುವರೆಗೆ ಒಮ್ಮೆಯೂ ಕೈಕೊಟ್ಟಿಲ್ಲ. ಆ ಮಗಳಿಗೆ ಹೆರಿಗೆ ನೋವು ಬಂದಾಗ ಯಾರು ದಾಟಿಸಿದರೋ ತಿಳಿಯದು. ಸಾಬಣ್ಣನ ಫೋನ್ ನಂಬರ್ ನನ್ನಲ್ಲಿದೆ. ಕೇಳುವ ಧೈರ್ಯ ಇನ್ನೂ ಬಂದಿಲ್ಲ.