ಕಪಾತಿನ ತಿಂಗಳಲ್ಲಿ ಕಾಣುವ ಹೊಳೆ

ಕೊರೋನಾ ಕಳೆದು, ಜನ ಮತ್ತೆ ಗಾಡಿ ಹತ್ತಿ ಕೊಡಗಿನ ಕಡೆ ಹೊರಟ ವರ್ಷ ಅದು. ನಾನಾಗ ಮಡಿಕೇರಿಯಲ್ಲಿ ಪರವಾನಗಿ ಇದ್ದ ಟೂರಿಸ್ಟ್ ಗೈಡ್. ಆ ಹೊತ್ತಿಗೆ ಈ ಕೆಲಸದಲ್ಲಿ ಇಪ್ಪತ್ತಾರು ವರ್ಷ ಸವೆಸಿದ್ದೆ. ಊರು ಭಾಗಮಂಡಲದ ಹತ್ತಿರ. ತಲಕಾವೇರಿಯಿಂದ ಕುಶಾಲನಗರದವರೆಗೆ ಕಾವೇರಿಯ ಎರಡೂ ದಡದಲ್ಲಿ ನೋಡತಕ್ಕದ್ದು ಏನೇನಿದೆಯೋ ಎಲ್ಲವನ್ನೂ ಕಣ್ಣು ಕಟ್ಟಿ ಬಿಟ್ಟರೂ ತೋರಿಸಬಲ್ಲೆ ಎಂಬ ಜಂಬ ನನಗಿತ್ತು. ನಾಲ್ಕುನಾಡು ಅರಮನೆಯಲ್ಲಿ ಯಾವ ಕಿಟಕಿಯ ಪಕ್ಕ ನಿಂತರೆ ಫೋಟೋ ಚೆನ್ನಾಗಿ ಬರುತ್ತದೆ, ಚೇಲಾವರ ಜಲಪಾತಕ್ಕೆ ಯಾವ ತಿಂಗಳು ಹೋದರೆ ಕಾಲು ಜಾರುವುದಿಲ್ಲ, ಇಂಥವೆಲ್ಲ ನಾಲಿಗೆಯ ತುದಿಯಲ್ಲೇ ಇರುತ್ತಿದ್ದವು. ನನ್ನ ಬಾಯಿಂದ ಬಾರದ ಮಾತು ಒಂದೇ, ‘ಗೊತ್ತಿಲ್ಲ’. ಗೈಡ್ ಆದವನು ಅದನ್ನು ಹೇಳಿದರೆ ಮತ್ತೆ ಗೈಡ್ ಯಾಕೆ ಎಂಬುದು ನನ್ನ ವಾದವಾಗಿತ್ತು.

ಅಕ್ಟೋಬರ್ ತಿಂಗಳು, ತುಲಾ ಸಂಕ್ರಮಣ ಮುಗಿದ ವಾರ. ತಲಕಾವೇರಿಯ ತೀರ್ಥಕ್ಕೆ ಬಂದ ಜನ ಕರಗಿ, ಊರು ಸ್ವಲ್ಪ ಉಸಿರು ಬಿಡುತ್ತಿತ್ತು. ಮೈಸೂರಿನಿಂದ ಜಯಮ್ಮ ಎಂಬ ಹೆಂಗಸು ಒಬ್ಬರೇ ಬಸ್ಸಿಳಿದು ನನ್ನನ್ನು ಹುಡುಕಿಕೊಂಡು ಬಂದರು. ವಯಸ್ಸು ಅರವತ್ತನಾಲ್ಕು, ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ಮಾತು ಕಮ್ಮಿ, ಕೆಲಸದ ಮಾತು ಮಾತ್ರ. ಅಬ್ಬಿ, ರಾಜಾಸೀಟ್, ದುಬಾರೆ ಎಂದು ನಾನು ಪಟ್ಟಿ ಶುರು ಮಾಡಿದಾಗ ಕೈ ಅಡ್ಡ ಹಿಡಿದರು.

“ಅದ್ಯಾವುದೂ ಬೇಡ ಕುಶಾಲಪ್ಪನೋರೆ. ನಂಗೆ ಒಂದೇ ಒಂದು ಜಾಗ ಬೇಕು. ಕಾಫಿ ತೋಟದೊಳಗೆ ನಿಂತರೆ ಹೊಳೆ ಮೂರು ತುಂಡಾಗಿ ಕಾಣೋ ಜಾಗ.”

ಜೀಪಿನಲ್ಲಿ ಕೂತ ಮೇಲೆ ವಿಷಯ ಬಿಚ್ಚಿದರು. ಇವರ ತಂದೆತಾಯಿ ಚುಂಚನಕಟ್ಟೆ ಕಡೆಯವರು. ಕೂಲಿಗೆಂದು ನಾಪೋಕ್ಲು ಕಡೆಯ ಒಂದು ಎಸ್ಟೇಟಿಗೆ ಬಂದು ಅಲ್ಲಿ ಆಳುಗಳಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿದ್ದರು. ಚಿಕ್ಕವಳಾದ ಜಯಮ್ಮನನ್ನು ಜೊತೆಗೆ ಕರೆತಂದು, ದೊಡ್ಡ ಮಗಳು ಪುಟ್ಟತಾಯಿಯನ್ನು ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದರು. ಜಯಮ್ಮನಿಗೆ ಐದು ವರ್ಷವಿದ್ದಾಗ, ಒಂದು ಮಳೆಗಾಲದಲ್ಲಿ ತಾಯಿ ಜ್ವರ ಬಂದು ತೀರಿಕೊಂಡರು. ತಾಯಿಯದೊಂದು ಫೋಟೋ ಕೂಡ ಇಲ್ಲ. ಜಯಮ್ಮನಲ್ಲಿ ಉಳಿದದ್ದು ಒಂದೇ ನೆನಪು.

“ಅವ್ವನ ಜೊತೆ ಮರದ ಕೆಳಗೆ ನಿಂತಿದೀನಿ. ಆಕಾಶದಿಂದ ಯಾರೋ ಕೂಗಿದರು. ಅವ್ವ ನನ್ನ ಕೈ ಹಿಡಿದು ಹಿಂದಕ್ಕೆ ಎಳಕೊಂಡಳು. ದಬ್ಬನೆ ಏನೋ ಬಿತ್ತು, ಎದುರಿಗೆ ಹೊಳೆ ತೆರಕೊಂಡು ಬಿಡ್ತು. ಮೂರು ತುಂಡು, ಬೆಳ್ಳಗೆ. ಅವ್ವ ಬೊಟ್ಟು ಮಾಡಿ ಅಂದಳು, ‘ಈ ನೀರು ನಿಮ್ಮಕ್ಕನ ತಾವ್ಕೆ ಹೋಯ್ತದೆ ಕಣವ್ವ.’”

ಇಷ್ಟನ್ನೇ ಅವರು ಅಕ್ಕನಿಗೆ ಬದುಕಿನುದ್ದಕ್ಕೂ ಹೇಳುತ್ತ ಬಂದಿದ್ದರಂತೆ. ಅಕ್ಕ ನಂಬಲಿಲ್ಲ. ಚಿಕ್ಕವಳನ್ನು ಎದೆಗವಚಿಕೊಂಡು ಹೋದ ತಾಯಿ ತನ್ನನ್ನು ಮರೆತೇ ಬಿಟ್ಟಳು ಎಂಬ ಮುಳ್ಳು ಪುಟ್ಟತಾಯಮ್ಮನವರಲ್ಲಿ ಹಾಗೇ ಉಳಿದಿತ್ತು. ಆಕಾಶದಿಂದ ಕೂಗುವುದೆಂದರೇನು, ಹೊಳೆ ತೆರೆದುಕೊಳ್ಳುವುದೆಂದರೇನು, ನನ್ನ ಸಮಾಧಾನಕ್ಕೆ ಕಟ್ಟಿದ ಕತೆ ಬಿಡು ಎನ್ನುತ್ತಿದ್ದರಂತೆ.

“ಹೊಳೆ ನಿಜ ಆದ್ರೆ ಅವ್ವ ಆಡಿದ ಮಾತೂ ನಿಜ. ಅಷ್ಟೇ ನಂಗೆ ಬೇಕಿರೋದು,” ಎಂದರು ಜಯಮ್ಮ.

ಎಸ್ಟೇಟಿನ ಹೆಸರು ಅವರಿಗೆ ಗೊತ್ತಿತ್ತು. ಹಳೆಯ ಲೈನ್ ಮನೆಗಳು ಇರಲಿಲ್ಲ, ಆದರೆ ಕಲ್ಲಿನ ನೀರಿನ ತೊಟ್ಟಿ ಇತ್ತು. ಅದನ್ನು ಕಂಡ ಕೂಡಲೇ ಅವರು ಚಪ್ಪಲಿ ಬಿಟ್ಟು ಹೋಗಿ ತೊಟ್ಟಿಯ ಅಂಚು ಮುಟ್ಟಿದರು. ಜಾಗ ಇದೇ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ತೋಟದ ಲೆಕ್ಕ, ಆಳುಗಳ ಹಾಜರಿ ನೋಡುವವರನ್ನು ನಮ್ಮಲ್ಲಿ ರೈಟರ್ ಎನ್ನುತ್ತೇವೆ. ಇಲ್ಲಿನ ರೈಟರ್ ವಾಸು ಆ ಮಳೆಗಾಲದಲ್ಲಷ್ಟೇ ಕೆಲಸಕ್ಕೆ ಸೇರಿದವರು. “ಹೊಳೆಯಾ? ಇಲ್ಲಿಂದ ಎಲ್ಲಿ ಕಾಣ್ತದೆ? ನಾನು ಬಂದ ಮೇಲೆ ಕಾಣಲೇ ಇಲ್ಲ,” ಎಂದರು.

ಇಡೀ ಮಧ್ಯಾಹ್ನ ಆ ಇಳಿಜಾರಿನಲ್ಲಿ ಅಲೆದೆವು. ಎಲ್ಲಿ ನಿಂತರೂ ಹಾಲುವಾಣ ಮರದ ಎಲೆ, ಕಾಫಿ ಗಿಡ, ಮತ್ತೆ ಎಲೆ. ಹೊಳೆಯ ಸದ್ದು ಮಾತ್ರ ಕೆಳಗಿಂದ ಬರುತ್ತಿತ್ತು. ಜಯಮ್ಮ ಒಂದೊಂದು ಸಾಲಿನ ಕೊನೆಗೂ ಹೋಗಿ, ಕುತ್ತಿಗೆ ಚಾಚಿ ನೋಡಿ, ಸುಮ್ಮನೆ ಹಿಂದಕ್ಕೆ ಬರುತ್ತಿದ್ದರು. ಸೀರೆಯ ಅಂಚಿಗೆಲ್ಲ ಜಿಗಣೆ ಹತ್ತಿತ್ತು.

ಆಗ ನಾನು ಆ ತಪ್ಪು ಮಾಡಿದೆ. ಗೊತ್ತಿಲ್ಲ ಎನ್ನುವುದರ ಬದಲು, “ಅಮ್ಮಾ, ನೀವಾಗ ಐದು ವರ್ಷದ ಮಗು. ಜಾಗ ತಲೆಯಲ್ಲಿ ಅದಲುಬದಲಾಗಿರ್ತದೆ,” ಎಂದು, ಅವರನ್ನು ಏಳೆಂಟು ಕಿಲೋಮೀಟರ್ ಆಚೆಯ ಒಂದು ವ್ಯೂ ಪಾಯಿಂಟಿಗೆ ಕರೆದುಕೊಂಡು ಹೋದೆ. ಅಲ್ಲಿ ಕಬ್ಬಿಣದ ಕಟಕಟೆ, ಕೂರಲು ಬೆಂಚು, ಕೆಳಗೆ ಕಾವೇರಿಯ ಚೆಂದದ ತಿರುವು. “ಇದೇ ಇರಬೇಕು ನೋಡಿ,” ಎಂದೆ.

ಅವರು ತುಂಬಾ ಹೊತ್ತು ನೋಡಿದರು. “ಇದಲ್ಲ,” ಎಂದರು. ಆಮೇಲೆ ಸ್ವರ ಇಳಿಸಿ, “ಅಕ್ಕ ಹೇಳಿದ್ದೇ ಸರಿ ಇರಬಹುದು. ಕನಸೇ ಬಿದ್ದಿತ್ತೇನೋ,” ಎಂದರು. ಅರವತ್ತು ವರ್ಷ ಅಕ್ಕನ ಎದುರು ಬಿಟ್ಟುಕೊಡದ ಮಾತನ್ನು ನನ್ನಂಥ ಬಾಯಿಬಡುಕನ ಒಂದು ಮಾತಿಗೆ ಬಿಟ್ಟುಕೊಟ್ಟಿದ್ದರು. ಬಸ್ ನಿಲ್ದಾಣದಲ್ಲಿ ಇಳಿಯುವಾಗ ನನಗೆ ಕೈಮುಗಿದರು. ಆ ನಮಸ್ಕಾರ ನನಗೆ ಇಂದಿಗೂ ಚುಚ್ಚುತ್ತದೆ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಇದನ್ನೆಲ್ಲ ಹೇಳಿದೆ. ಅವಳು ನಮ್ಮ ಅರೆಭಾಷೆಯಲ್ಲಿ ಒಂದೇ ಮಾತು ಕೇಳಿದಳು: “ಗೊತ್ತಿಲ್ಲೆ ತ ಹೇಳಿಕೆ ನಿಮ್ಗೆ ಎಂಥ ಕಷ್ಟ?” ಗೊತ್ತಿಲ್ಲ ಎಂದು ಹೇಳಲು ನಿಮಗೇನು ಕಷ್ಟ ಎಂದು. ನಾನು ಇನ್ನೊಂದು ದೊಡ್ಡ ತುತ್ತು ಬಾಯಿಗಿಟ್ಟುಕೊಂಡೆ.

ಮುಂದಿನ ಮೇ ತಿಂಗಳು. ಒಂದು ಕುಟುಂಬವನ್ನು ಹೋಂಸ್ಟೇಗೆ ಬಿಟ್ಟು ನಾಪೋಕ್ಲು ರಸ್ತೆಯಲ್ಲಿ ಹಿಂದಿರುಗುತ್ತಿದ್ದೆ. ಅದೇ ಎಸ್ಟೇಟಿನ ಅಂಚಿನಲ್ಲಿ ದಾರಿಗೆ ಅಡ್ಡ ಸೊಪ್ಪಿನ ರಾಶಿ ಬಿದ್ದಿತ್ತು. ಜೀಪ್ ನಿಲ್ಲಿಸಿ ಕಾದೆ. ತಲೆಯ ಮೇಲಿಂದ ಒಂದು ಕೂಗು ಬಂತು: “ಓಯ್… ಕೆಳಗೆ ಯಾರು? ಕೊಂಬೆ ಬರ್ತದೇ…” ತಲೆಯೆತ್ತಿದರೆ ಮರದ ನೆತ್ತಿಯಲ್ಲಿ ಕತ್ತಿ ಹಿಡಿದ ಆಳು, ಸುತ್ತ ಬರೀ ಆಕಾಶ. ಕೊಂಬೆ ದಬ್ಬನೆ ಬಿತ್ತು. ಬಿದ್ದ ಜಾಗದ ಹಿಂದೆ, ಕೆಳಗೆ ದೂರದಲ್ಲಿ, ಹೊಳೆಯ ಒಂದು ತುಂಡು ಮಿಂಚಿತು.

ಜೀಪಿನಿಂದ ಇಳಿದು ಬಿದ್ದ ಕೊಂಬೆಯ ಹತ್ತಿರ ಹೋಗಿ ನಿಂತೆ.

ಕಾಫಿ ಬೆಳೆಯುವವರಿಗೆ ಇದನ್ನು ವಿವರಿಸಬೇಕಿಲ್ಲ, ಬೇರೆಯವರಿಗೆ ಹೇಳುತ್ತೇನೆ. ಕಾಫಿ ಗಿಡಕ್ಕೆ ನೆರಳು ಬೇಕು, ಆದರೆ ಹೆಚ್ಚಾದರೆ ಮಳೆಗಾಲದಲ್ಲಿ ಗಿಡ ಕೊಳೆಯುತ್ತದೆ. ಅದಕ್ಕೆ ಪ್ರತಿ ವರ್ಷ ಮಳೆಗೆ ಮುಂಚೆ ನೆರಳು ಮರಗಳ ಕೊಂಬೆ ಕಡಿದು ಬೆಳಕು ಬಿಡುತ್ತಾರೆ. ಇದೇ ಮರ ಕಪಾತು. ಹಾಲುವಾಣ ಎಷ್ಟು ಬೇಗ ಚಿಗುರುತ್ತದೆಂದರೆ ನಾಲ್ಕು ಮಳೆ ಬಿದ್ದರೆ ಮತ್ತೆ ಚಪ್ಪರ ಕಟ್ಟುತ್ತದೆ. ನಡುವಿನ ಕೆಲವೇ ವಾರ ಇಡೀ ಕಣಿವೆ ಬಟಾಬಯಲು. ಆಗಲೇ ಲೈನ್ ಮನೆಯ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಸೌದೆ ಆಯಲು ಮರಗಳ ಬುಡಕ್ಕೆ ಬರುವುದು. ಜಯಮ್ಮನವರ ತಾಯಿ ಅಲ್ಲಿ ನಿಂತದ್ದು ಅದಕ್ಕೇ. ಜಾಗ ಸರಿಯಾಗಿಯೇ ಇತ್ತು, ನಾವು ತಿಂಗಳು ತಪ್ಪಿ ಹೋಗಿದ್ದೆವು. ನನ್ನದೇ ಎರಡು ಎಕರೆ ತೋಟದಲ್ಲಿ ಪ್ರತಿ ವರ್ಷ ಕಪಾತು ನಡೆಯುತ್ತದೆ. ಆದರೆ ಏಪ್ರಿಲ್ ಮೇ ನಮಗೆ ಸೀಸನ್ನು. ನಾನು ಹೊರಗಿನವರಿಗೆಲ್ಲ ಬೆಟ್ಟ ತೋರಿಸುತ್ತಿದ್ದರೆ, ಆಳುಗಳ ಜೊತೆ ಮರದ ಕೆಳಗೆ ನಿಲ್ಲುತ್ತಿದ್ದವಳು ಹೆಂಡತಿ. ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಅಲ್ಲೇ ರೈಟರ್ ವಾಸು ಸಿಕ್ಕಿದರು. ತೊಟ್ಟಿಯ ಮೇಲಿನ ಇಳಿಜಾರು ಕಪಾತು ಆಗಿದೆಯೇ ಎಂದು ಕೇಳಿದೆ. ನಾಳೆ ಮುಗಿಯುತ್ತದೆ ಎಂದರು. ನಡೆದದ್ದನ್ನು ಹೇಳಿ, ತೊಟ್ಟಿಯ ನೇರಕ್ಕಿರುವ ಒಂದು ಮರವನ್ನು ಮಾತ್ರ ಜಯಮ್ಮ ಬರುವವರೆಗೆ ಕಡಿಯದೆ ಬಿಡಿ ಎಂದು ಬೇಡಿಕೊಂಡೆ.

“ಮಳೆ ಹಿಡಿದ್ರೆ ಮರ ಜಾರ್ತದೆ ಗೈಡ್ ಸಾರ್, ಆಳು ಹತ್ತಿಸ್ಲಿಕ್ಕಾಗಲ್ಲ,” ಎಂದು ಮೋಡ ನೋಡಿದರು. ಆಮೇಲೆ, “ಮೂರು ದಿವಸ. ಅಷ್ಟರಲ್ಲಿ ಕರ್ಕೊಂಡು ಬನ್ನಿ,” ಎಂದರು.

ಜಯಮ್ಮನವರಿಗೆ ಫೋನ್ ಮಾಡಿದೆ. “ನಾನು ಹೇಳಿದ್ದು ತಪ್ಪು. ನಿಮ್ಮದು ಕನಸಲ್ಲ. ಬೇಗ ಬನ್ನಿ. ಆದರೆ ಅಕ್ಕನನ್ನೂ ಕರೆದುಕೊಂಡು ಬನ್ನಿ,” ಎಂದೆ. 

ಮೂರನೆಯ ದಿನ ಬೆಳಿಗ್ಗೆ ಅಕ್ಕತಂಗಿ ಬಂದಿಳಿದರು. ಪುಟ್ಟತಾಯಮ್ಮ ಕೋಲೂರಿಕೊಂಡು ಬಂದಿದ್ದರು, ಮುಖ ಗಂಟು. ಕಣ್ಣಾರೆ ತೋರಿಸುತ್ತೇನೆಂದು ತಂಗಿ ಹಟ ಹಿಡಿದದ್ದಕ್ಕೆ ಬಂದದ್ದು ಎಂದು ನನಗೇ ಎರಡು ಸಲ ಹೇಳಿದರು. ಪುಷ್ಪಗಿರಿಯ ಕಡೆ ಗುಡುಗು ಕೇಳುತ್ತಿತ್ತು. ವಾಸು ನುಡಿದಂತೆ ನಡೆದಿದ್ದರು. ಬೋಳು ಇಳಿಜಾರಿನ ನಡುವೆ ಒಂದೇ ಒಂದು ಹಾಲುವಾಣ ತನ್ನ ಎಲೆಯನ್ನೆಲ್ಲ ಹೊತ್ತು ನಿಂತಿತ್ತು. ಅದರ ಆಚೆ ಏನಿದೆ ಎಂಬುದು ಅದರಿಂದಲೇ ಮರೆಯಾಗಿತ್ತು. ಮಣಿ ಎಂಬ ಆಳು ಕತ್ತಿ ಸೊಂಟಕ್ಕೆ ಸಿಕ್ಕಿಸಿ ಮರ ಹತ್ತಿದ.

ನಾವು ದೂರ ಸರಿದು ನಿಂತೆವು. ನಾನು ಹೊಳೆಯ ಕಡೆ ನೋಡಬೇಕಿತ್ತು, ಆದರೆ ನನ್ನ ಕಣ್ಣು ಜಯಮ್ಮನವರ ಮೇಲಿತ್ತು. ಮೇಲಿಂದ ಮಣಿ ಕೂಗಿದ: “ಓಯ್… ಕೆಳಗೆ ಯಾರು? ಕೊಂಬೆ ಬರ್ತದೇ…”

ಆ ಕೂಗಿಗೆ ಜಯಮ್ಮನವರ ಬಲಗೈ ತನ್ನಷ್ಟಕ್ಕೆ ತಾನೇ ಮೇಲಕ್ಕೆದ್ದಿತು. ಪುಟ್ಟ ಮಗು ಹಿಡಿಸಿಕೊಳ್ಳಲು ಎತ್ತುವ ಹಾಗೆ. ಅದನ್ನು ಪುಟ್ಟತಾಯಮ್ಮನವರೂ ಕಂಡರು. ಕೋಲು ಬಿಟ್ಟು ಆ ಕೈ ಹಿಡಿದರು, ಹಿಡಿದು ತಂಗಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಕೊಂಬೆ ಬಿತ್ತು. ಹೊಳೆ ಕಂಡಿತು. ಮೂರು ತುಂಡು, ಬೇಸಿಗೆಯ ಕಡಿಮೆ ನೀರು, ಬೆಳ್ಳಗೆ.

 ಪುಟ್ಟತಾಯಮ್ಮ ತಂಗಿಯ ಕೈ ಬಿಡದೆ ನನ್ನ ಕಡೆ ತಿರುಗಿ, “ಇದು ಯಾವ ಕಡೀಕೆ ಹರೀತದೆ?” ಎಂದು ಕೇಳಿದರು. ಇಪ್ಪತ್ತಾರು ವರ್ಷ ಒಟ್ಟುಹಾಕಿದ ವಿದ್ಯೆಯಲ್ಲಿ ಅವತ್ತು ಅವರಿಗೆ ಬೇಕಾದದ್ದು ಅಷ್ಟೇ. ಕೈ ತೋರಿಸಿ ಹೇಳಿದೆ. “ಹೀಗೆ ಹೋಗ್ತದಮ್ಮಾ. ಕುಶಾಲನಗರ, ರಾಮನಾಥಪುರ, ಆಮೇಲೆ ನಿಮ್ಮ ಚುಂಚನಕಟ್ಟೆ.”

ಅವರು ತಲೆ ಆಡಿಸಿದರು. “ಅಜ್ಜಿ ಮನೆ ಹಿತ್ಲಲ್ಲಿ ನಿಂತ್ರೆ ಹೊಳೆ ಕಾಣೋದು,” ಎಂದರು. “ನಾನೂ ದಿನಾ ನಿಂತ್ಕಂಡು ಮೇಲ್ಗಡೆ ನೋಡ್ತಿದ್ದೆ. ಈ ನೀರು ಬರೋ ಕಡೆಯಿಂದ್ಲೇ ಅವ್ವ ಬತ್ತಾಳೆ ಅಂತ.”

 ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ತೊಟ್ಟಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡೆ. ಆ ಸಂಜೆಯೇ ಮಳೆ ಹಿಡಿಯಿತು.

ಈಗ ನನಗೆ ಮಂಡಿ ನೋವು, ಕೆಲಸ ಬಿಟ್ಟಿದ್ದೇನೆ. ಹೊಸದಾಗಿ ಗೈಡ್ ಆದ ಹುಡುಗರು ಬಂದು ಕೇಳಿದರೆ ಎರಡು ಮಾತು ಹೇಳುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ. ಬಂದವರು ಎಲ್ಲಿ ಎಂದು ಕೇಳಿದರೆ, ಯಾವಾಗ ಎಂದು ನೀವು ತಿರುಗಿ ಕೇಳಿ. ಜಲಪಾತ ಇಲ್ಲದಿದ್ದರೆ ಇನ್ನೊಂದು ತೋರಿಸಬಹುದು, ಒಬ್ಬರ ಅವ್ವ ನಿಂತ ಜಾಗಕ್ಕೆ ಬದಲಿ ಜಾಗವಿಲ್ಲ.

ಪ್ರತಿ ಮೇ ತಿಂಗಳಲ್ಲಿ ನನಗೆ ಚುಂಚನಕಟ್ಟೆಯಿಂದ ಒಂದು ಫೋನ್ ಬರುತ್ತದೆ. ಜಯಮ್ಮನವರದ್ದಲ್ಲ, ಅಕ್ಕನದು. ನಮಸ್ಕಾರವೂ ಇಲ್ಲ, ಕುಶಲವೂ ಇಲ್ಲ, ನೇರ ಕೇಳುತ್ತಾರೆ: “ಕಪಾತು ಆಯ್ತಾ? ಹೊಳೆ ಕಾಣ್ತದಾ?”

ನಾನು ಜೀಪ್ ತೆಗೆದು, ಹೋಗಿ ನೋಡಿಯೇ ಉತ್ತರ ಹೇಳುತ್ತೇನೆ.