ಹೆಚ್ಚಾದ ಆರೋಗ್ಯ

ಉಗರಗೋಳದ ಕೆಂಚವ್ವ ನಲವತ್ತು ವರ್ಷಗಳಿಂದ ದೇವಿಯ ಗುಡ್ಡಕ್ಕೆ ಬರುವ ಹೆಣ್ಣುಮಕ್ಕಳಿಗೆ ಬಳೆ ಇಡಿಸುತ್ತಾಳೆ. ಎಂಥ ಒರಟು ಕೈಯೂ ಅವಳ ಕೈಗೆ ಸಿಕ್ಕರೆ ಮೆತ್ತಗಾಗುತ್ತದೆ. ಅವಳ ಅಂಗಡಿಯಲ್ಲಿ ಬಳೆ ಎಂದೂ ಒಡೆಯುವುದಿಲ್ಲ, 'ಹೆಚ್ಚಾಗುತ್ತದೆ'. ಕುಂಕುಮ ತೀರುವುದಿಲ್ಲ, ಅದೂ ಹೆಚ್ಚಾಗುತ್ತದೆ. ಕೆಟ್ಟದ್ದನ್ನು ಹೆಸರು ಹಿಡಿದು ಕರೆದರೆ 'ಓ' ಎಂದು ಬಂದೇಬಿಡುತ್ತದೆಂದು ಅವಳ ಭಯ.

ಹೀಗಾಗಿ ಆರೋಗ್ಯ ವಿಮೆ ಅವಳ ಹೊಸ್ತಿಲು ದಾಟಿರಲಿಲ್ಲ. ಗಂಡ ಶಂಕರೆಪ್ಪನಿಗೆ ಹರ್ನಿಯಾ. ಆಪರೇಷನ್ ಆಗಲೇಬೇಕೆಂದು ಡಾಕ್ಟರು ಸೊಸೆ ರಾಜೇಶ್ವರಿಗೆ ಹೇಳಿದ್ದರು. ಊರಿನ ಸಹಕಾರಿ ಸಂಘದ ವಿಮೆಯಲ್ಲಿ ಹಳೆಯ ಕಾಯಿಲೆಗೂ ಜಾಗವಿತ್ತು. ಆದರೆ ಮನೆಮಂದಿಯೆಲ್ಲ ಸೇರಬೇಕು, ಶನಿವಾರವೇ ಕೊನೆಯ ದಿನ. ಆ ಮನೆಯಲ್ಲಿದ್ದ ಪಾಲಿಸಿಯೋ ಒಂದೇ: ಕೆಂಚವ್ವ ಹೇಳಿದ್ದನ್ನು ಪಾಲಿಸಿ.

ಶುಕ್ರವಾರ ರಾಜೇಶ್ವರಿ ಅರ್ಜಿ ಹಿಡಿದು ಕುಳಿತಳು.

"ಅತ್ತಿ, ಇಲ್ಲೊಂದು ಸಹಿ ಮಾಡ್ರಿ."

"ಶುಕ್ರವಾರ ದಿನಾ ದವಾಖಾನಿ ಮಾತ ತಗೀತಿಯಲ್ಲ! ರೋಗಕ್ಕ ಮನಿ ಅಡ್ರೆಸ್ ಬರದುಕೊಟ್ಟಂಗ ಇದು."

"ಅದಕ್ಕ ಅಡ್ರೆಸ್ ಆಗಲೇ ಗೊತ್ತೈತಿ," ಎಂದ ಶಂಕರೆಪ್ಪ, ಹೊಟ್ಟೆ ಒತ್ತಿ ಹಿಡಿದು.

ರಾಜೇಶ್ವರಿ ದಾರಿ ಬದಲಿಸಿದಳು. "ರೋಗ ಅಂದವರ್ಯಾರ್ರಿ? ಮಾವಾರ ಆರೋಗ್ಯ ಹೆಚ್ಚಾಗೈತಿ, ಅಷ್ಟ. ಹೆಚ್ಚಾದ ಬಳಿ ಕೈಯಾಗ ಹಂಗ ಬಿಡ್ತೀರೇನು ನೀವು?"

"ಬಿಟ್ರ ಚುಚ್ಚತಾವ. ತಗದು ಹೊಸಾವು ಇಡಸ್ತೇನಿ."

ಹೇಳಿದ ಮೇಲೆ ಕೆಂಚವ್ವನ ಕಣ್ಣು ಗಂಡನ ಹೊಟ್ಟೆಯ ಮೇಲಿನ ಕೈಗೆ ಹೋಯಿತು.

"ಯಾವಾಗಿಂದ ಚುಚ್ಚಾಕ ಹತ್ತೈತ್ರಿ?"

"ಯುಗಾದಿಯಿಂದ."

"ಬಾಯಿ ಬಿಟ್ಟು ಹೇಳಬಾರದೇನ್ರಿ, ಮೂಕಬಸವಣ್ಣ!"

"ಹೆಸರ ತಗೀಬ್ಯಾಡ ಅಂದಾಕಿ ನೀನ."

ಮರುದಿನ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿದ್ದು ಕೆಂಚವ್ವನೇ.

ಸಂಘದಲ್ಲಿ ಗುಮಾಸ್ತ ಮಡಿವಾಳೆಪ್ಪ ಕೇಳಿದ: "ಕಾಕಾರ ಆರೋಗ್ಯ ಹೆಂಗೈತ್ರಿ?"

"ಭಾಳ ಹೆಚ್ಚಾಗೈತಪಾ," ಎಂದಳು ಕೆಂಚವ್ವ.

ಮಡಿವಾಳೆಪ್ಪ ಸಂತೋಷದಿಂದ 'ಉತ್ತಮ' ಎಂದು ಬರೆದ.

"ಅಯ್ಯ, ಹಂಗಲ್ರಿ!" ರಾಜೇಶ್ವರಿ ಹಾರಿಬಿದ್ದಳು. "ಬಳಿ ಹೆಚ್ಚಾದಂಗ!"

ಮಡಿವಾಳೆಪ್ಪನೂ ಹೆಂಡತಿ ಇರುವವನೇ, ತಿಳಿಯಿತು. ಹೊಡೆದುಹಾಕಿ, ಸದ್ದಿಲ್ಲದೆ ಹರ್ನಿಯಾ ಎಂದು ಬರೆದ. "ಈಗ ನಿಮ್ಮದ್ರಿ ಕಾಕು."

"ನಂದ್ಯಾಕ? ನಾ ಗಟ್ಟಿ ಅದೇನಿ."

"ನೀವು ಸೇರಲಿಲ್ಲಂದ್ರ ಕಾಕಾರದೂ ಆಗಂಗಿಲ್ಲ."

"ಲಗ್ನಾದಾಗಿಂದ ಅವರದು ಹಂಗ ಐತಿ," ಎಂದು ಕೆಂಚವ್ವ ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದಳು.

ಎರಡು ತಿಂಗಳಲ್ಲಿ ಆಪರೇಷನ್ ಆಯಿತು. ವಾರ್ಡಿನಲ್ಲಿ ಎಚ್ಚರಗೊಂಡ ಶಂಕರೆಪ್ಪ ಮಂಚದ ಪಕ್ಕ ಕುಳಿತಿದ್ದ ಹೆಂಡತಿಯನ್ನು ಅಳುಕುತ್ತ ಕೇಳಿದ:

"ಹೊಲಿಗಿ ನೋಯಾಕ ಹತ್ಯಾವ. ಹೇಳಬಹುದ?"

"ಹೇಳ್ರಿ," ಎಂದಳು ಕೆಂಚವ್ವ, ಕಿವಿಯನ್ನು ಅವನ ಬಾಯಿಯ ಹತ್ತಿರ ತಂದು. "ಮೆಲ್ಲಕ ಹೇಳ್ರಿ."